ಬುಗ್ಗೆಯ ಗಂಟಲಿಗೊಂದು ಜೇಬುಚಾಕು

“ಬುಗ್ಗೆ ಸತ್ತಿಲ್ಲ. ಗಂಟಲು ಕಟ್ಟಿದೆ, ಅಷ್ಟೆ.”

ಸರ್ವೇಯರ್ ಮೇಡಂ ಈ ಮಾತು ಹೇಳಿದ್ದು ಬತ್ತಿಹೋದ ಈಜುಕೊಳದ ನಟ್ಟನಡುವೆ ನಿಂತು. ಪೊರಕೆ ಹಿಡಿದು ಒಣಗಿದ ಎಲೆ ಗುಡಿಸುತ್ತಿದ್ದ ಈಜು ಟೀಚರ್ ತಲೆಯೆತ್ತಿ ನೋಡಿದಳು. ನೀರಿದ್ದ ಕಾಲವಾಗಿದ್ದರೆ ಇಬ್ಬರ ತಲೆಯ ಮೇಲೂ ಇನ್ನೊಂದು ಮೊಳ ನೀರಿರುತ್ತಿತ್ತು. ಈಗ ಇದ್ದದ್ದು ಬಿರುಕುಬಿಟ್ಟ ನೀಲಿ ಟೈಲುಗಳು, ಮತ್ತು ಮೂಲೆಯಲ್ಲಿ ಗೂಡಿಗೆ ಜಾಗ ಹುಡುಕುತ್ತಿದ್ದ ಒಂದು ಪಾರಿವಾಳ.

ಆ ಊರಿನ ಈಜುಕೊಳಕ್ಕೆ ಬರುತ್ತಿದ್ದದ್ದು ನಲ್ಲಿಯ ನೀರಲ್ಲ, ಬುಗ್ಗೆಯ ನೀರು. ಗುಡ್ಡದ ಬುಡದಲ್ಲಿ ಉಕ್ಕಿ, ಕಲ್ಲುಕಾಲುವೆಯಲ್ಲಿ ಹರಿದು, ದಪ್ಪ ಪೈಪಿನ ಬಾಯಿಂದ ಹಗಲಿರುಳೂ ಕೊಳಕ್ಕೆ ಬೀಳುತ್ತಿತ್ತು. ಕಳೆದ ಮಳೆಗಾಲದಲ್ಲಿ ಮರಗಳನ್ನು ಬುಡಸಮೇತ ಕಿತ್ತುಹಾಕಿದ ಬಿರುಗಾಳಿಯೊಂದು ಬೀಸಿತು. ಅದಾದ ಮೇಲೆ ಬುಗ್ಗೆ ಸಣ್ಣಗಾಗುತ್ತಾ ಬಂದು ಕೊನೆಗೊಂದು ದಿನ ಪೂರಾ ನಿಂತಿತು. ಕೊಳದ ಕಮಿಟಿಯವರು ಬಂದು ನೋಡಿ, ತಲೆ ಅಲ್ಲಾಡಿಸಿ, ಇದಕ್ಕೆ ಮಣ್ಣು ತುಂಬಿಸಿ ಕಾರು ನಿಲ್ಲಿಸುವ ಜಾಗ ಮಾಡೋಣ ಎಂದು ಮಾತಾಡಿಕೊಂಡು ಹೋದರು. ಆದರೂ ಟೀಚರ್ ದಿನಾ ಬಂದು ಗುಡಿಸುತ್ತಿದ್ದಳು. ಗುಡಿಸುವುದನ್ನು ಬಿಟ್ಟರೆ ಕಮಿಟಿಯ ಮಾತೇ ಗಟ್ಟಿಯಾದೀತೆಂಬ ಅಂಜಿಕೆ ಅವಳಿಗೆ.

ಸರ್ವೇಯರ್ ಮೇಡಂ ಹೊಟ್ಟೆಪಾಡಿಗೆ ಜಮೀನು ಅಳೆಯುವವರು. ರಜೆ ಸಿಕ್ಕರೆ ಗುಹೆ ಅಳೆಯುವವರು. ಕತ್ತರಿಸಿದ ನರೆಗೂದಲು, ಬಿಸಿಲಿಗೆ ಕಂದಿದ ಮುಖ, ಅಳತೆ ಮಾಡಿ ಆಡುವ ಮಾತು.

“ಗುಡ್ಡದ ಮೇಲೆ ಹಳ್ಳ ಗುಹೆಯೊಳಕ್ಕೆ ಇಳಿಯುತ್ತಲ್ಲ, ಅದು ಮೊದಲಿನಷ್ಟೇ ಇಳೀತಿದೆ. ಮೊನ್ನೆ ಹೋಗಿ ನೋಡಿದೆ. ಒಳಗೆ ಹೋದ ನೀರು ಕೆಳಗೆ ಬರ್ತಿಲ್ಲ. ಗುಡ್ಡದ ಆಚೆ ಮಗ್ಗುಲಲ್ಲಿ ಹೊಸದಾಗಿ ಜೌಗು ಆಗಿದೆ, ಅಲ್ಲಿಗೆ ಸೋರ್ತಿದೆ.”

“ನಡುವೆ ಎಲ್ಲಿ ನಿಂತಿರಬಹುದು?”

“ಒಂದೇ ಕಡೆ. ಒಳಗೆ ದೊಡ್ಡದೊಂದು ಕೋಣೆ ಇದೆ. ಅದರ ತುದೀಲಿ ಬಂಡೆ ಕಿರಿದಾಗಿ, ಒಬ್ಬ ಮನುಷ್ಯ ನಿಲ್ಲೋಷ್ಟು ಬಾಯಿ. ಅದೇ ಗಂಟಲು. ಅಲ್ಲಿಂದ ಮುಂದೆ ಲಾರಿ ಓಡಿಸೋಷ್ಟು ಅಗಲ. ಬಿರುಗಾಳಿಗೆ ಬಿದ್ದ ಮರ ಎಲ್ಲಾ ಹಳ್ಳದ ಜೊತೆ ಹೋಗಿ ಆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಯಾರಾದ್ರೂ ಹೋಗಿ ಬಿಡಿಸ್ಬೇಕು.”

“ಯಾರಾದ್ರೂ ಅಂದ್ರೆ?”

“ನೀರಿಗೆ ಹೆದರದವರು ಒಬ್ಬರು ಬೇಕು. ಪೈಪು, ಹಗ್ಗ, ರಾಡು ಗೊತ್ತಿರೋರು ಒಬ್ಬರು ಬೇಕು. ದಾರಿ ನನಗೆ ಗೊತ್ತು.”

ಟೀಚರ್ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಎರಡನೆಯವನು ಅವಳ ಮನೆಯಲ್ಲೇ ಇದ್ದ.

ಅವನು ಅವಳ ಮೈದುನ. ಊರಿನ ಕೊಳಾಯಿ ಕೆಲಸವೆಲ್ಲ ಅವನದೇ ಆದ್ದರಿಂದ ಎಲ್ಲರ ಬಾಯಲ್ಲೂ ಪೈಪಣ್ಣ. ಟೀಚರಳ ಗಂಡ ಹಡಗಿನ ಎಂಜಿನ್ ಕೆಲಸದಲ್ಲಿದ್ದ. ಅವನು ಮನೆಗೆ ಬರುವುದೇ ಅಪರೂಪ. ಹಾಗಾಗಿ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ, ಪೈಪಣ್ಣ. ಮಂಡಿನೋವಿನ ಅತ್ತೆ ದಿನಾ ಬೆಳಿಗ್ಗೆ ಕೊಳಕ್ಕಿಳಿದು ಈಜಿ, ಆ ಬಲದ ಮೇಲೆ ಇಡೀ ದಿನ ಓಡಾಡುತ್ತಿದ್ದವರು. ಕೊಳ ಬತ್ತಿದ ಮೇಲೆ ಮಂಡಿ ಬಿಗಿದು, ಕುರ್ಚಿಯಲ್ಲಿ ಕೂತು, ಕೂತ ಕಡೆಯಿಂದಲೇ ಮನೆಯ ಎಲ್ಲ ಕೆಲಸದಲ್ಲೂ ಹುಳುಕು ಹುಡುಕುತ್ತಿದ್ದರು.

ವಿಷಯ ಕೇಳಿದ ಕೂಡಲೇ ಪೈಪಣ್ಣ, “ನನ್ನ ಟೂಲ್ ಬಾಕ್ಸ್ ತರ್ತೀನಿ, ಅದರಲ್ಲಿ ಇಲ್ಲದ್ದೇ ಇಲ್ಲ” ಎಂದ.

ಟೀಚರ್ ಜೊತೆ ಮನೆಗೆ ಬಂದು ಊಟದ ಮೇಜಿನ ಎದುರು ಕೂತಿದ್ದ ಸರ್ವೇಯರ್ ಮೇಡಂ ತಲೆ ಅಲ್ಲಾಡಿಸಿದರು. “ಒಳಗೆ ಇಲಿಬಿಲ ಅಂತ ಒಂದು ಜಾಗ ಇದೆ. ಬೋರಲು ಬಿದ್ದು ತೆವಳಬೇಕು. ಹಗ್ಗ, ಮಡಿಚೋ ಗರಗಸ ಇರೋ ಬ್ಯಾಗನ್ನ ಕಾಲಿಗೆ ಕಟ್ಟಿ ಎಳ್ಕೋಬೇಕು. ಬ್ಯಾಗಲ್ಲಿರೋದು ಬೇಕಾದ ಹೊತ್ತಿಗೆ ಕೈಗೆ ಸಿಗಲ್ಲ. ಅದಕ್ಕೆ ಒಬ್ಬೊಬ್ಬರ ಜೇಬಲ್ಲೂ ಒಂದು ಮಲ್ಟಿ-ಟೂಲ್ ಇರ್ಬೇಕು. ಚಾಕು, ಇಕ್ಕಳ, ಗರಗಸ ಎಲ್ಲಾ ಒಂದರಲ್ಲೇ ಮಡಿಚಿರುತ್ತಲ್ಲ, ಅದು. ಚಿಕ್ಕದಿರಲಿ. ಇವತ್ತೇ ತಗೊಂಡು ಬೆಳಿಗ್ಗೆಯಿಂದ ರಾತ್ರಿವರೆಗೂ ಜೇಬಲ್ಲಿಟ್ಕೊಂಡು ಓಡಾಡಿ. ಕೈಗೆ ಪಳಗದ ಚಾಕು ಗುಹೇಲಿ ಕೆಲಸಕ್ಕೆ ಬರಲ್ಲ.”

“ಟೂಲ್ ಬಾಕ್ಸ್ ಬರೋದೇ ಇಲ್ವಾ ಹಾಗಾದ್ರೆ?”

“ಬಾಕ್ಸ್ ಬೇಕಾದ್ರೆ ಬರಬಹುದು. ನೀವು ಹೊರಗೇ ಇರ್ಬೇಕಾಗುತ್ತೆ.”

ಅತ್ತೆ ಬಹಳ ದಿನಗಳ ಮೇಲೆ ನಕ್ಕರು.

ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಯ ಡಬ್ಬಗಳು, ಹಗ್ಗದ ಸುರುಳಿಗಳು, ಬಣ್ಣದ ಡಬ್ಬಿಗಳ ನಡುವೆ ಒಂದು ಗಾಜಿನ ಪೆಟ್ಟಿಗೆ. ಅಂಗಡಿಯ ಯಜಮಾನ ಅದರೊಳಗಿನ ತಟ್ಟೆಯನ್ನು ತೆಗೆದು ಒಡವೆ ತೋರಿಸುವವರ ಹಾಗೆ ಬಟ್ಟೆಯ ಮೇಲಿಟ್ಟ. ಪೈಪಣ್ಣನ ಕಣ್ಣು ಎಲ್ಲಕ್ಕಿಂತ ದಪ್ಪದ್ದರ ಮೇಲೆ ಬಿತ್ತು. ಅದನ್ನು ಬಿಚ್ಚಿದರೆ ನವಿಲು ಗರಿ ಕೆದರಿದ ಹಾಗೆ ಸುತ್ತಲೂ ಅಲಗುಗಳು: ಎರಡು ಚಾಕು, ದೊಡ್ಡ ಇಕ್ಕಳ, ಅರ, ಭೂತಗನ್ನಡಿ, ಡಬ್ಬಿ ತೆಗೆಯುವ ಕೊಕ್ಕೆ, ಮೀನಿನ ಪೊರೆ ಹೆರೆಯುವ ಪಟ್ಟಿ.

“ಗುಹೇಲಿ ಮೀನು ಹಿಡಿಯೋ ಪ್ಲಾನ್ ಇದ್ಯಾ?” ಟೀಚರ್ ಕೇಳಿದಳು.

“ಇದ್ರೆ ಕೈ ಖಾಲಿ ಇರಬಾರದಲ್ಲ ಅತ್ತಿಗೆ” ಎಂದು ಪೈಪಣ್ಣ ಅದನ್ನೇ ಕೊಂಡ.

ಟೀಚರ್ ಯಜಮಾನನ ಕಡೆ ತಿರುಗಿ, “ಒಂದು ಮಗ್ ನೀರು ಕೊಡಿ, ಸ್ವಲ್ಪ ಸೋಪೂ ಹಾಕಿ” ಎಂದಳು. ಯಜಮಾನನಿಗೆ ಅರ್ಥವಾಗಲಿಲ್ಲ, ಆದರೂ ಅವನ ಮಗಳು ಈಜು ಕಲಿತದ್ದು ಇವಳ ಹತ್ತಿರವೇ, ತಂದುಕೊಟ್ಟ. ಅವಳು ಕೈ ಅದ್ದಿ ಒಂದೊಂದನ್ನೇ ಎತ್ತಿಕೊಂಡು ಒಂದೇ ಕೈಯಲ್ಲಿ ಬಿಚ್ಚಲು ನೋಡಿದಳು. ಮೊದಲು ಬಲಗೈ, ಆಮೇಲೆ ಎಡಗೈ. ಕೆಲವಕ್ಕೆ ಉಗುರು ಸಿಕ್ಕಿಸಿ ಎಳೆಯಬೇಕು, ಒದ್ದೆ ಉಗುರು ಜಾರುತ್ತಿತ್ತು. ಕೆಲವು ತೆರೆದುಕೊಂಡರೂ ಅಲಗು ಲಾಕ್ ಆಗುತ್ತಿರಲಿಲ್ಲ. ಗಲ್ಲಾದ ಮೇಲೆಲ್ಲ ನೊರೆ. ಕೊನೆಗೆ ಮೂರು ಉಳಿದವು. ಯಜಮಾನ, “ಮೂರನ್ನೂ ಒಯ್ದು ನೋಡಿ ಟೀಚರ್. ಒಗ್ಗದ್ದನ್ನ ವಾಪಸ್ ಕೊಡಿ” ಎಂದು ನೊರೆ ಒರೆಸಿಕೊಂಡ.

ಮೊದಲನೆಯದು ಪೈಪಣ್ಣನದರ ತಮ್ಮನಂತಿತ್ತು. ಜೇಬಿಗೆ ಹಾಕಿ ಕೊಳದ ಏಣಿ ಹತ್ತಿದರೆ ಟ್ರ್ಯಾಕ್ ಪ್ಯಾಂಟು ಒಂದೇ ಕಡೆಗೆ ಜಗ್ಗಿ ಸೊಂಟದಿಂದ ಇಳಿಯಿತು. ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದು ನಿಂತಾಗ, ಕೆಲಸಕ್ಕೆ ಮೂರನೆಯ ಕೈ ಬೇಕೆಂದು ಅವಳಿಗೆ ತಿಳಿಯಿತು. ಅದನ್ನು ಮೇಜಿನ ಖಾನೆಯಲ್ಲಿಟ್ಟಳು. ಒಂದು ಸಲ ಖಾನೆ ಸೇರಿದ ಮೇಲೆ ಬೇಕೆಂದಾಗ ಅದು ಎಲ್ಲಿ ಜೊತೆಗಿರುತ್ತದೆ?

ಎರಡನೆಯದು ಬೆರಳುದ್ದ, ನೋಡಲು ಮುದ್ದಾಗಿತ್ತು. ಕೊಳದ ಸಾಲು ಗುರುತಿಸುವ ಹಗ್ಗವನ್ನು ಕೊಯ್ಯುತ್ತಿದ್ದಾಗ ಅಲಗು ಪಟಕ್ಕನೆ ಮಡಿಚಿ ಬೆರಳಿಗೆ ಗೀರಿತು. ಅಲ್ಲಿಗೆ ಅದರ ಮುದ್ದು ಮುಗಿಯಿತು.

ಮೂರನೆಯದಕ್ಕೆ ಅಂದವೂ ಇಲ್ಲ, ಆಡಂಬರವೂ ಇಲ್ಲ. ಕಿತ್ತಳೆ ಬಣ್ಣದ ಹಿಡಿ, ಹೆಬ್ಬೆರಳಿನಿಂದ ಒತ್ತಿದರೆ ಹೊರಗಿನಿಂದಲೇ ತೆರೆದು ಲಾಕ್ ಆಗುವ ಒಂದು ಅಲಗು, ಒಳಗೆ ಚಿಕ್ಕ ಇಕ್ಕಳ, ಪುಟ್ಟ ಗರಗಸ, ಒಂದು ಸ್ಕ್ರೂಡ್ರೈವರ್. ಅವಳು ಅದರಲ್ಲಿ ಟೈಲು ತೊಳೆಯುವ ಪುಡಿಯ ಚೀಲದ ಹೊಲಿಗೆ ಬಿಚ್ಚಿದಳು, ಸಡಿಲವಾದ ಏಣಿಯ ಸ್ಕ್ರೂ ಬಿಗಿದಳು, ಸಿಕ್ಕಿಕೊಂಡ ಜಿಪ್ಪನ್ನು ಇಕ್ಕಳದಿಂದ ಎಳೆದಳು. ಎರಡು ದಿನ ಕಳೆಯುವುದರೊಳಗೆ ಅದು ಜೇಬಲ್ಲಿದೆ ಎಂಬುದೇ ಮರೆತುಹೋಯಿತು. ಎಷ್ಟೆಂದರೆ, ಪ್ಯಾಂಟಿನ ಜೊತೆ ಬಟ್ಟೆ ಒಗೆಯುವ ಮಿಷನ್ನಿಗೂ ಹೋಯಿತು.

ಒಳಗಿನಿಂದ ಗಡಗಡ ಸದ್ದು ಕೇಳಿ ಅತ್ತೆ ಕುಂಟುತ್ತಾ ಬಂದು, ಮಿಷನ್ ನಿಲ್ಲಿಸಿ, ಪ್ಯಾಂಟಿನ ಜೇಬಿಗೆ ಕೈಹಾಕಿದರು. ಟೀಚರ್ ಬರುವ ಹೊತ್ತಿಗೆ ಅದೇ ಚಾಕುವಿನ ಸ್ಕ್ರೂಡ್ರೈವರಿನಿಂದ ತಮ್ಮ ಕನ್ನಡಕದ ಕಾಲು ಬಿಗಿಯುತ್ತಾ ಕೂತಿದ್ದರು.

“ನಿನ್ನ ಗಂಡನೂ ಹೀಗೇ, ನಟ್ಟು ಬೋಲ್ಟನ್ನೆಲ್ಲ ಮಿಷನ್ನಿಗೆ ಹಾಕ್ತಿದ್ದ. ಇದನ್ನೇ ಇಟ್ಕೋ ಕಣಮ್ಮ.”

“ಯಾಕತ್ತೆ?”

“ಜೇಬಲ್ಲಿದ್ದದ್ದೇ ಮರೆತೆ ಅಂದ್ರೆ ಭಾರ ಇಲ್ಲ ಅಂತಾಯ್ತು. ಸೋಪಲ್ಲಿ ಉರುಳಿ ಬಂದ್ರೂ ಒಂದೇ ಬೆರಳಿಗೆ ಬಾಯಿ ತೆರೆಯುತ್ತೆ. ಅಳಿಯನ್ನ ಹುಡುಕೋಕೂ ಜನ ಇಷ್ಟು ಪರೀಕ್ಷೆ ಮಾಡಲ್ಲ.” ಅತ್ತೆ ಕನ್ನಡಕ ಏರಿಸಿಕೊಂಡರು. “ಮತ್ತೆ, ನಾನೂ ಬರ್ತೀನಿ.”

“ಎಲ್ಲಿಗೆ?”

“ಗುಹೆ ಬಾಯಿಗೆ. ಮಳೆ ಬಂದ್ರೆ ಹಳ್ಳ ಉಕ್ಕಿ ಗುಹೆ ತುಂಬುತ್ತಂತೆ. ಮೋಡ ಬಂದ್ರೆ ನಿಮಗೆ ಹೇಳೋರು ಯಾರು? ಆ ಮೇಡಂಗೆ ಫೋನ್ ಮಾಡಿ ಕೇಳಿದೆ. ಸೀಟಿ ಊದೋಕೆ ಮಂಡಿ ಬೇಕಾಗಿಲ್ಲ ಅಂದ್ರು.”

ಹೊರಟ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಪೈಪಣ್ಣನ ವ್ಯಾನು ಗುಡ್ಡದ ಅಂಕುಡೊಂಕು ದಾರಿಯನ್ನು ಏದುಸಿರು ಬಿಡುತ್ತಾ ಹತ್ತಿತು. ಮೇಲೆ ಮೊಣಕಾಲೆತ್ತರದ ಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು. ಹುಲ್ಲಿನ ನಡುವೆ ಬಿಳಿಬಂಡೆಗಳು ಕುರಿಮಂದೆಯಂತೆ ಚದುರಿ ಕೂತಿದ್ದವು. ಹಳ್ಳ ಅವುಗಳ ನಡುವೆ ನುಸುಳಿಕೊಂಡು ಬಂದು, ಕಾಲು ಜಾರಿದವರಂತೆ ಒಮ್ಮೆಲೇ ನೆಲದ ದೊಡ್ಡ ಬಾಯೊಳಕ್ಕೆ ಧುಮುಕುತ್ತಿತ್ತು. ಅಲ್ಲಿಂದ ಇಳಿಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಸ್ವಲ್ಪ ದೂರದಲ್ಲಿ, ಜರೀಗಿಡಗಳ ಹಿಂದೆ, ಇನ್ನೊಂದು ಒಣಬಾಯಿ ಇತ್ತು. ಪೈಪಣ್ಣ ಅಲ್ಲಿ ಮಡಿಚುವ ಕುರ್ಚಿ ಬಿಚ್ಚಿ ತಾಯಿಯನ್ನು ಕೂರಿಸಿದ. ಅತ್ತೆ ಚಹದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಸೊಸೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡರು.

“ಜೋರಾಗಿ ಊದಿ ಅಮ್ಮ,” ಸರ್ವೇಯರ್ ಮೇಡಂ ಹೇಳಿದರು. “ಗುಹೇಲಿ ಸೀಟಿ ಸದ್ದು ತುಂಬ ದೂರ ಹೋಗುತ್ತೆ. ಸೀಟಿ ಕೇಳಿದ್ರೆ ನಾವು ಇದ್ದ ಕೆಲಸ ಬಿಟ್ಟು ವಾಪಸ್. ಅದರಲ್ಲಿ ಚರ್ಚೆ ಇಲ್ಲ.”

ಒಳಗೆ ಹೆಜ್ಜೆಯಿಟ್ಟ ಕೂಡಲೇ ಬೇಸಿಗೆ ಹಿಂದೆ ಉಳಿಯಿತು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಹೆಲ್ಮೆಟ್ಟಿನ ದೀಪಗಳು ಒದ್ದೆ ಗೋಡೆಯ ಮೇಲೆ ಓಡಾಡಿದವು. ದಾರಿ ಇಳಿಯಿತು, ತಿರುಗಿತು, ಮತ್ತೆ ಇಳಿಯಿತು. ಒಂದು ಕಡೆ ಹಗ್ಗ ಹಿಡಿದು ಜಾರಿದರು, ಇನ್ನೊಂದು ಕಡೆ ಬಂಡೆಯ ಅಂಚನ್ನು ತಬ್ಬಿಕೊಂಡು ದಾಟಿದರು. ಕೊನೆಗೆ ಚಾವಣಿ ಬಗ್ಗುತ್ತಾ ಬಗ್ಗುತ್ತಾ ಬಂದು ನೆಲಕ್ಕೆ ತಾಗುವಂತಾಯಿತು. ಇಲಿಬಿಲ.

ಸರ್ವೇಯರ್ ಮೇಡಂ ಮೊದಲು ಹೋದರು, ಹಾವಿನಂತೆ ಸದ್ದಿಲ್ಲದೆ. ಹಿಂದೆ ಪೈಪಣ್ಣ. ಅವನ ಹಿಂದೆ, ಬ್ಯಾಗನ್ನು ಕಾಲಿಗೆ ಕಟ್ಟಿಕೊಂಡು ಟೀಚರ್.

ಅರ್ಧ ದಾರಿಯಲ್ಲಿ ಮುಂದಿದ್ದ ಬೂಟುಗಳು ನಿಂತವು. ಒದ್ದವು. ಮತ್ತೆ ನಿಂತವು.

“ಅತ್ತಿಗೆ, ಸಿಕ್ಕಿಕೊಂಡೆ.”

“ಹಿಂದಕ್ಕೆ ಬಾ.”

“ಹಿಂದಕ್ಕೂ ಬರ್ತಿಲ್ಲ. ಸೊಂಟ ಹಿಡ್ಕೊಂಡಿದೆ.”

ಅವನ ಧ್ವನಿ ತೆಳ್ಳಗಾಗಿತ್ತು. ಗಲ್ಲದ ಕೆಳಗೆ ತಣ್ಣೀರಿನ ಸಣ್ಣ ಹರಿವು. ಉಸಿರು ಜೋರುಜೋರಾಗಿ ಬರತೊಡಗಿತು. ಉಸಿರೆಳೆದಷ್ಟೂ ಎದೆ ಉಬ್ಬಿ ಬಂಡೆ ಇನ್ನಷ್ಟು ಬಿಗಿಯಿತು.

ಟೀಚರ್ ಅವನ ಕಣಕಾಲನ್ನು ಮೆಲ್ಲಗೆ ಹಿಡಿದಳು. ನೀರಿಗಿಳಿಯಲು ಅಂಜುವ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದಳು: “ಮೂಗಿಂದ ತಗೋ. ಬಾಯಿಂದ ನಿಧಾನ ಬಿಡು. ಗುಳ್ಳೆ ಬಿಟ್ಟ ಹಾಗೆ. ಇನ್ನೊಂದ್ಸಲ.”

ಬೂಟುಗಳ ನಡುಕ ಇಳಿಯಿತು. ಅವಳು ಅವನ ಕಾಲುಗಳ ಮೇಲೆಯೇ ತೆವಳಿ, ಒಂದು ಕೈಯನ್ನು ಎಟುಕುವಷ್ಟೂ ಚಾಚಿದಳು. ಬೆರಳಿಗೆ ಸಿಕ್ಕಿದ್ದು ಮೂಳೆಯಲ್ಲ, ಬಂಡೆಯೂ ಅಲ್ಲ. ಸೊಂಟದ ಜೇಬಿನಲ್ಲಿ ಇಟ್ಟಿಗೆಯಂತೆ ಕೂತಿದ್ದ ಅವನ ಭಾರಿ ಮಲ್ಟಿ-ಟೂಲ್.

“ನಿನ್ನ ಮೀನುಗಾರಿಕೆ ಸಾಮಾನು ಕಣೋ. ಅಲ್ಲಾಡಬೇಡ.”

ಇನ್ನೊಂದು ಕೈ ಮೈಯ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಇದ್ದ ಒಂದೇ ಕೈಯನ್ನು ಹಿಂದಕ್ಕೆಳೆದು ತನ್ನ ಜೇಬಿಗೆ ಹಾಕಿದಳು. ಹೆಬ್ಬೆರಳು ಒತ್ತಿದಳು. ಟಕ್ ಎಂದು ಅಲಗು ತೆರೆದು ನಿಂತಿತು. ಅಲಗಿನ ಬೆನ್ನನ್ನು ಅವನ ಮೈಕಡೆಗೆ ಮಾಡಿ, ಜೇಬಿನ ಹೊಲಿಗೆಯನ್ನು ಮೇಲಿನಿಂದ ಕೆಳಗೆ ಸೀಳಿದಳು. ಭಾರದ ಸಾಮಾನು ಠಣ್ಣನೆ ಕಲ್ಲಿನ ಮೇಲೆ ಬಿತ್ತು. ಪೈಪಣ್ಣ ಬಾಟಲಿಯ ಬಿರಡೆಯಂತೆ ಮುಂದಕ್ಕೆ ಜಾರಿದ.

ಆಚೆ ತುದಿಯಲ್ಲಿ ಎದ್ದು ಕೂತಾಗ ಅವನ ಮೊದಲ ಮಾತು, “ಹೊಸ ಪ್ಯಾಂಟು ಅತ್ತಿಗೆ.”

“ಹಳೇ ಮೈದುನ. ಅದೇ ಮುಖ್ಯ” ಎಂದು ಅವಳು ಅವನ ಸಾಮಾನನ್ನು ಅವನ ಕೈಗೇ ಕೊಟ್ಟಳು. ಸರ್ವೇಯರ್ ಮೇಡಂ ಮುಖ ಆಚೆ ತಿರುಗಿಸಿ ನಕ್ಕರು.

ಮುಂದೆ ದೊಡ್ಡ ಕೋಣೆ. ಮೂವರೂ ದೀಪ ಮೇಲೆತ್ತಿದರು. ಚಾವಣಿ ಎಲ್ಲೋ ಮೇಲೆ ಕತ್ತಲಲ್ಲಿ ಕರಗಿತ್ತು. ಅಲ್ಲಿಂದ ಜೇನುಮೇಣದ ಬಣ್ಣದ ಕಲ್ಲುಗಳು ಪರದೆ ಪರದೆಯಾಗಿ ಇಳಿಬಿದ್ದಿದ್ದವು. ದೀಪ ತಾಗಿದಲ್ಲಿ ಅವು ಒಳಗಿನಿಂದಲೇ ಹೊತ್ತಿಕೊಂಡಂತೆ ಹೊಳೆಯುತ್ತಿದ್ದವು. ಎಡಗಡೆ ಎತ್ತರದಿಂದ ಹಳ್ಳ ಬೆಳ್ಳನೆ ಬೀಳುತ್ತಿತ್ತು. ಅದು ಬಿದ್ದಲ್ಲಿಂದ ಎದುರಿನ ಗೋಡೆಯವರೆಗೂ ಕಪ್ಪು ನೀರು, ಗಾಜಿನಂತೆ ನಿಶ್ಚಲ. ಊರಿನ ಕೊಳ ಎಷ್ಟೋ ಸಲ ತುಂಬುವಷ್ಟು ನೀರು ಇಲ್ಲಿ ಯಾರಿಗೂ ಕಾಣದೆ ಕಾದು ಕೂತಿತ್ತು.

“ಅಲ್ಲಿ” ಎಂದು ಸರ್ವೇಯರ್ ಮೇಡಂ ದೀಪ ತಿರುಗಿಸಿದರು.

ಗಂಟಲು ಅಲ್ಲಿತ್ತು, ಮತ್ತು ಅದರ ತುಂಬ ಮರ. ಕೊಂಬೆಯ ಮೇಲೆ ಕೊಂಬೆ, ನಡುವೆ ಬೇರಿನ ಗಡ್ಡೆ, ಹರಿದ ಪ್ಲಾಸ್ಟಿಕ್, ಒಂದು ಟೈರು. ಯಾವುದೋ ತೋಟದ ಬೇಲಿ ಇಡಿಯಾಗಿ ಕೊಚ್ಚಿಕೊಂಡು ಬಂದು, ಅದರ ತಂತಿ ಎಲ್ಲವನ್ನೂ ಸುತ್ತಿ ಹೊರೆ ಕಟ್ಟಿದಂತೆ ಬಿಗಿದಿತ್ತು. ಹೊರೆಯ ಬುಡದಲ್ಲಿ ನೀರು ಸಣ್ಣಗೆ ಜಿನುಗುತ್ತಿತ್ತು, ಅಷ್ಟೆ.

“ಇಡೀ ಹೊರೆ ಒಂದೇ ಸಲ ಹೋಗಬಾರದು,” ಮೇಡಂ ಹೇಳಿದರು. “ಮೇಲಿನಿಂದ ತುಂಡು ತುಂಡಾಗಿ ಬಿಡಿಸಿ. ನಾನು ಹಗ್ಗ ಹಿಡಿದು ಇಲ್ಲೇ ಇರ್ತೀನಿ.”

ಅವರು ದಪ್ಪನೆಯ ಕಲ್ಲುಕಂಬಕ್ಕೆ ಹಗ್ಗ ಸುತ್ತಿ, ಒಂದೊಂದು ತುದಿಯನ್ನು ಇಬ್ಬರ ಸೊಂಟಕ್ಕೂ ಕಟ್ಟಿದರು. ಗಂಟು ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದರು. ಟೀಚರ್ ಹೆಚ್ಚುವರಿ ದೀಪದ ಚಿಕ್ಕ ಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ನೀರಿಗಿಳಿದು, ಗಂಟಲಿನ ಬಲಗಡೆಯ ಚಾಚುಗಲ್ಲಿಗೆ ಈಜಿದಳು. ಎಡಗಡೆ ಬಂಡೆಯಂಚಿನ ಮೇಲೆ ಪೈಪಣ್ಣ ಗರಗಸ ಹಿಡಿದು ಕೂತ.

ಕೆಲಸ ಶುರುವಾಯಿತು. ಅವನು ಕೊಯ್ದ ಕೊಂಬೆಯನ್ನು ಅವಳು ಎಳೆದು ಗಂಟಲಿನ ಆಚೆಗೆ ನೂಕುತ್ತಿದ್ದಳು. ಅದು ಕತ್ತಲಲ್ಲಿ ಬಿದ್ದ ಸದ್ದು ಕೇಳಿದ ಮೇಲೆ ಮುಂದಿನದು. ತೆಳು ತಂತಿಗಳನ್ನು ಅವಳ ಪುಟ್ಟ ಇಕ್ಕಳ ಕಚ್ಚಿ ತುಂಡರಿಸುತ್ತಿತ್ತು. ದಪ್ಪ ತಂತಿ ಬಂದಾಗ ಅದು ಸೋತಿತು.

“ಪೈಪಣ್ಣ, ನಿನ್ನ ದಪ್ಪಂದು ಕೊಡು.”

“ಈಗ ಬೇಕಾಯ್ತಾ?” ಅವನ ಮುಖ ಅರಳಿತು. ಅವನೇ ಬಾಗಿ ದೊಡ್ಡ ಇಕ್ಕಳದಿಂದ ತಂತಿಯನ್ನು ಕತ್ತರಿಸಿದ. “ಇದಕ್ಕೆ ಮರ್ಯಾದೆ ಕೊಡಿ ಇನ್ನಾದರೂ.”

ನೀರು ಹೊರೆಯ ಮೇಲಿನಿಂದ ಮೆಲ್ಲಗೆ ಉಕ್ಕಿ ಹರಿಯತೊಡಗಿತು. ಒಂದು ಬೆರಳಷ್ಟು. ಒಂದು ಗೇಣಷ್ಟು. ಇಬ್ಬರೂ ಹಾಡು ಗುನುಗುವವರೆಗೆ ಬಂದಿದ್ದರು.

ಆಗ ದೂರದಲ್ಲಿ, ಬಲು ತೆಳುವಾಗಿ, ಸೀಟಿ ಕೇಳಿಸಿತು.

ಮೂವರೂ ಕಲ್ಲಾದರು. ಮತ್ತೊಮ್ಮೆ ಸೀಟಿ.

“ಬಿಡಿ,” ಸರ್ವೇಯರ್ ಮೇಡಂ ಹೇಳಿದರು. “ಎಲ್ಲಾ ಬಿಟ್ಟು ಬನ್ನಿ. ಈಗಲೇ.”

ಪೈಪಣ್ಣನ ಇಕ್ಕಳ ಕೊನೆಯ ದಪ್ಪ ತಂತಿಯನ್ನು ಅರ್ಧ ಕಚ್ಚಿ ನಿಂತಿತ್ತು. ಅವನು ಕೈ ತೆಗೆದ. ತಂತಿ ತಾನಾಗಿಯೇ ಚಟ್ಟನೆ ಹರಿಯಿತು.

ಹೊರೆ ನರಳಿತು. ಉಳಿದದ್ದೆಲ್ಲ ಒಮ್ಮೆಲೇ ಕದಲಿತು.

ಟೀಚರ್ ಚಾಚುಗಲ್ಲಿನಿಂದ ಹಿಂದಕ್ಕೆ ಹಾರಿದಳು. ಏನೋ ಅವಳನ್ನು ಹೆಗಲಿನಿಂದ ಜಗ್ಗಿ ತಿರುಗಿಸಿತು. ತಂತಿಯ ತುದಿಯೊಂದು ಚೀಲದ ಪಟ್ಟಿಗೆ ಕೊಕ್ಕೆ ಹಾಕಿತ್ತು. ಹೊರೆ ಗಂಟಲಿನ ಕಡೆ ಎಳೆಯಿತು, ಸೊಂಟದ ಹಗ್ಗ ಕಂಬದ ಕಡೆ ಎಳೆಯಿತು. ತಲೆ ನೀರಿನೊಳಗೆ ಹೋಯಿತು.

ದೀಪದ ಬೆಳಕಿನಲ್ಲಿ ಬರೀ ಕಂದು ಕದಡು.

ನೀರಿನಲ್ಲಿ ಮೊದಲು ಕೊಲ್ಲುವುದು ಆತುರ ಎಂದು ಅವಳು ಎಷ್ಟು ಮಕ್ಕಳಿಗೆ ಹೇಳಿದ್ದಳೋ ಏನೋ. ಈಗ ತನಗೇ ಹೇಳಿಕೊಂಡಳು. ಬಲಗೈ ಕಲ್ಲನ್ನು ಹಿಡಿದಿತ್ತು, ಬಿಡುವಂತಿರಲಿಲ್ಲ. ಎಡಗೈ ಜೇಬಿಗೆ ಹೋಯಿತು. ಚಾಕು ಇತ್ತು. ಹೆಬ್ಬೆರಳಿಗೆ ಅಲಗಿನ ಗುಂಡಿ ಸಿಕ್ಕಿತು. ಒತ್ತಿದಳು. ಲಾಕ್ ಬಿದ್ದದ್ದು ಕಿವಿಗೆ ಕೇಳಲಿಲ್ಲ, ಅಂಗೈಗೆ ತಿಳಿಯಿತು.

ಮೈಯ ಮೇಲೆ ಎರಡು ಬಿಗಿದಿದ್ದವು. ಒಂದು ಜೀವ ಉಳಿಸುವ ಹಗ್ಗ, ಒಂದು ಜೀವ ತೆಗೆಯುವ ಪಟ್ಟಿ. ಬೆರಳ ತುದಿಯಿಂದ ತಡವಿದಳು. ಇದು ದುಂಡಗಿದೆ. ಬೇಡ. ಇದು ಚಪ್ಪಟೆ.

ಅಲಗನ್ನು ಚಪ್ಪಟೆಯ ಅಡಿಗೆ ತೂರಿಸಿ ಹೊರಕ್ಕೆಳೆದಳು. ಎರಡನೇ ಎಳೆತಕ್ಕೆ ಪಟ್ಟಿ ಹರಿಯಿತು.

ಹಗ್ಗ ಅವಳನ್ನು ಮೀನಿನಂತೆ ಹಿಂದಕ್ಕೆ ಸೆಳೆಯಿತು. ತಲೆ ಹೊರಬಂದಾಗ ಮೊದಲು ಕೇಳಿಸಿದ್ದು ಗರ್ಜನೆ. ಇಡೀ ಕೋಣೆ ಗರ್ಜಿಸುತ್ತಿತ್ತು. ಕೊಂಬೆ, ಬೇರು, ಟೈರು ಎಲ್ಲವೂ ಒಂದರ ಹಿಂದೊಂದು ಗಂಟಲಿನಲ್ಲಿ ಇಳಿದು ಮಾಯವಾದವು. ಅವುಗಳ ಹಿಂದೆ ನೀರು ನುಣುಪಾದ ಕಪ್ಪು ಬೆನ್ನು ಬಾಗಿಸಿ ಧುಮುಕುತ್ತಿತ್ತು. ಸರ್ವೇಯರ್ ಮೇಡಂ ಎರಡೂ ಕಾಲನ್ನು ಕಂಬಕ್ಕೆ ಒತ್ತಿಕೊಂಡು, ಹಗ್ಗವನ್ನು ಕೈಗೆ ಸುತ್ತಿಕೊಂಡು ಕೂತಿದ್ದರು. ಪೈಪಣ್ಣ ಅದೇ ಹಗ್ಗವನ್ನು ಹಿಡಿದು ಜಗ್ಗುತ್ತಿದ್ದ. ಅವಳನ್ನು ದಡಕ್ಕೆ ಎಳೆದುಕೊಂಡ ಮೇಲೂ ಇಬ್ಬರೂ ಹಗ್ಗ ಬಿಡಲಿಲ್ಲ.

“ಅತ್ತಿಗೆ, ಇದ್ದೀರಾ?”

ಅವಳು ಕೆಮ್ಮಿದಳು, ಉಗುಳಿದಳು, ತಲೆಯಾಡಿಸಿದಳು. “ನಿನ್ನ ದಪ್ಪಂದು?”

ಪೈಪಣ್ಣ ಖಾಲಿ ಕೈ ತೋರಿಸಿದ. “ಕೊಂಬೆ ಜೊತೆ ಹೋಯ್ತು. ಮೀನು ಸಿಕ್ಕಿದ್ರೆ ಅದೇ ಹೆರ್ಕೊಳ್ಳಲಿ.”

ಅವರು ನಕ್ಕದ್ದು ಆ ಗರ್ಜನೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಒಬ್ಬರ ಹಲ್ಲು ಇನ್ನೊಬ್ಬರಿಗೆ ಕಂಡಿತು, ಸಾಕಾಯಿತು.

ಹೊರದಾರಿ ಒಳದಾರಿಗಿಂತ ಉದ್ದವಾಗಿತ್ತು. ಕೈಕಾಲು ಸೋತಿದ್ದವು, ಬಟ್ಟೆ ಮೈಗಂಟಿ ನಡುಕ ಹುಟ್ಟಿತ್ತು. ಆದರೂ ಸೀಟಿ ಕೇಳಿದ್ದರಿಂದ ಎಲ್ಲೂ ನಿಲ್ಲಲಿಲ್ಲ. ಇಲಿಬಿಲದಲ್ಲಿ ಈ ಸಲ ಪೈಪಣ್ಣ ಎಣ್ಣೆ ಹಚ್ಚಿದವನಂತೆ ಜಾರಿದ. ಹಗ್ಗ ಹಿಡಿದು ಹತ್ತಿದರು, ಕೂತರು, ಹತ್ತಿದರು. ಕೊನೆಗೆ ಜರೀಗಿಡಗಳ ಹಸಿರು ಕಂಡಿತು, ಅದರಾಚೆ ಬಿಸಿಲು. ಎಳ್ಳಷ್ಟೂ ಮೋಡವಿಲ್ಲ.

ಅತ್ತೆ ಕುರ್ಚಿಯಲ್ಲಿ ಕೂತು ಚಹ ಕುಡಿಯುತ್ತಿದ್ದರು.

“ಅಮ್ಮ, ಮಳೆ ಎಲ್ಲಿ?” ಪೈಪಣ್ಣ ಕೇಳಿದ.

“ಒಂದು ಕರೀ ಮೋಡ ಬಂತು. ಊದಿದೆ. ಆಮೇಲೆ ಗಾಳಿ ಬಂದು ಮೋಡ ಹೋಯ್ತು.”

“ಹೋಯ್ತು ಅಂತ ಊದಬಾರದಾ?”

“ಬಂದ್ರೆ ಊದು ಅಂದ್ರು. ಹೋದ್ರೆ ಊದು ಅಂತ ಯಾರಾದ್ರೂ ಹೇಳಿದ್ರಾ?” ಎಂದ ಅತ್ತೆಯ ಕಣ್ಣು ಸೊಸೆಯ ಹೆಗಲಿನ ಕೆಂಪು ಗೀರಿನ ಮೇಲೆ ನಿಂತಿತು. ತಮ್ಮ ಶಾಲನ್ನು ತೆಗೆದು ಅವಳಿಗೆ ಹೊದಿಸಿ, ಫ್ಲಾಸ್ಕಿನ ಮುಚ್ಚಳದ ತುಂಬ ಚಹ ಬಗ್ಗಿಸಿ ಕೈಗೆ ಕೊಟ್ಟು, ಆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ವ್ಯಾನು ಸೀದಾ ಕೊಳದ ಬಾಗಿಲಿಗೆ ಬಂದು ನಿಂತಿತು. ಕೆಸರು ಬಟ್ಟೆಯಲ್ಲೇ ನಾಲ್ವರೂ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು.

“ಎಷ್ಟು ಹೊತ್ತಾಗುತ್ತೆ ಬರೋಕೆ?” ಟೀಚರ್ ಕೇಳಿದಳು.

“ಗೊತ್ತಿಲ್ಲ,” ಸರ್ವೇಯರ್ ಮೇಡಂ ಹೇಳಿದರು. “ಇವತ್ತೇ ಗೊತ್ತಾಗ್ಬೇಕು.”

ಬಿಸಿಲು ಟೈಲುಗಳ ಮೇಲೆ ಜರುಗಿತು. ಯಾರೋ ನೋಡಿ ಯಾರಿಗೋ ಹೇಳಿರಬೇಕು, ಈಜು ಕಲಿಯುತ್ತಿದ್ದ ಮಕ್ಕಳು, ಅವರ ತಾಯಂದಿರು, ಅಂಗಡಿಯ ಯಜಮಾನ ಒಬ್ಬೊಬ್ಬರಾಗಿ ಬಂದು ಅಂಚಿನಲ್ಲಿ ಕೂತರು. ಕಮಿಟಿಯ ಅಧ್ಯಕ್ಷರೂ ಬಂದು ಕೈಕಟ್ಟಿ ನಿಂತರು.

ಪೈಪಿನಿಂದ ಮೊದಲು ಬಂದದ್ದು ನೀರಲ್ಲ, ಗಾಳಿ. ತಣ್ಣನೆಯ, ಮಣ್ಣಿನ ವಾಸನೆಯ ಒಂದು ನಿಟ್ಟುಸಿರು. ಆಮೇಲೆ ಅದು ವಯಸ್ಸಾದವರ ಹಾಗೆ ಕೆಮ್ಮಿತು. ಕೊಳೆತ ಎಲೆಯ ಮುದ್ದೆ ಬಿತ್ತು. ಅದರ ಹಿಂದೆ ಗಾಬರಿಗೊಂಡ ಒಂದು ಕಪ್ಪೆ. ಅದರ ಹಿಂದೆ, ಕಂದು ಬಣ್ಣದಲ್ಲಿ, ಸುರಿದು, ನಿಂತು, ಮತ್ತೆ ಸುರಿದು, ನೀರು.

ಮಕ್ಕಳು ಕಿರುಚಿಕೊಂಡು ಕೆಳಗಿಳಿದರು. ಅತ್ತೆ ಸೊಸೆಯ ಹೆಗಲು ಹಿಡಿದು ಮೆಟ್ಟಿಲಿಳಿದು, ಪಾದ ಮುಳುಗುವಷ್ಟು ನೀರಿನಲ್ಲಿ ಸೆರಗು ಎತ್ತಿಕೊಂಡು ನಿಂತು, ಅಧ್ಯಕ್ಷರನ್ನು ನೋಡಿ, “ಬೂಟು ಬಿಚ್ಚಿ ಬನ್ನಿ ಸ್ವಾಮಿ, ಕಾರು ಆಮೇಲೆ ನಿಲ್ಲಿಸೋಣ” ಎಂದರು. ಅಧ್ಯಕ್ಷರು ಒಂದು ಕ್ಷಣ ಯೋಚಿಸಿದರು. ಆಮೇಲೆ ಬಾಗಿ ಲೇಸು ಬಿಚ್ಚತೊಡಗಿದರು.

ಸರ್ವೇಯರ್ ಮೇಡಂ ಮಾತ್ರ ಅಂಚಿನಿಂದ ಏಳಲಿಲ್ಲ. ಹಗ್ಗ ಉಜ್ಜಿ ಕೆಂಪಾಗಿದ್ದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೀರನ್ನೇ ನೋಡುತ್ತಿದ್ದರು. ಟೀಚರ್ ಅವರ ಹತ್ತಿರ ಬಂದು ನಿಂತಳು.

“ನೀವು ಇಳಿಯಲ್ವಾ?”

“ಒಂದು ಮಾತು ಕೇಳ್ಬೇಕಿತ್ತು,” ಮೇಡಂ ದನಿ ತಗ್ಗಿಸಿದರು. “ದೊಡ್ಡವರಿಗೂ ಹೇಳಿಕೊಡ್ತೀರಾ?”

“ಏನನ್ನ?”

“ಈಜು.”

ಟೀಚರಿಗೆ ಗುಹೆ ನೆನಪಾಯಿತು. ಕೋಣೆಯ ಕಪ್ಪು ನೀರು, ಅದರ ಅಂಚಿನಲ್ಲೇ ಕಾಲು ಒತ್ತಿ ಕೂತಿದ್ದ ಈ ಹೆಂಗಸು ಕಣ್ಣಮುಂದೆ ಬಂದರು. “ನಿಮಗೆ ಈಜು ಬರಲ್ವಾ?”

“ಬಂದಿದ್ರೆ ನಾನೇ ಇಳೀತಿದ್ದೆ. ಬರಲ್ಲ ಅಂತಲೇ ಅಷ್ಟು ಬಿಗಿಯಾಗಿ ಹಗ್ಗ ಹಿಡ್ಕೊಂಡಿದ್ದು.”

ಟೀಚರ್ ಕೈ ಚಾಚಿದಳು. ನೀರು ಇನ್ನೂ ಕಣಕಾಲಿಗೂ ಬಂದಿರಲಿಲ್ಲ, ಆದರೂ ಮೇಡಂ ಮೆಟ್ಟಿಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇಳಿದರು.

“ಕಂಬಿ ಬಿಡಿ,” ಟೀಚರ್ ಹೇಳಿದಳು. “ಈಗ ನಾನು ಹಿಡ್ಕೊಂಡಿದ್ದೀನಿ.”